ಸಂತೆ ಲೆಕ್ಕದಿಂದ ಸಿಕ್ಕ ಬಿಡುಗಡೆ ಪತ್ರ: ನನ್ನ ಅನುಭವ

"ಜೀತ ಇದೆ ಅಂತ ಬಾಯಲ್ಲಿ ಹೇಳಿದ್ರೆ ಆಗಲ್ಲ, ಪುರಾವೆ ತನ್ನಿ." ಇಟ್ಟಿಗೆ ಭಟ್ಟಿಯ ಕೂಲಿಯವರ ಅರ್ಜಿ ಹಿಡಿದು ಉಪವಿಭಾಗಾಧಿಕಾರಿ (ಎಸಿ) ಕಚೇರಿ ಮೆಟ್ಟಿಲು ಹತ್ತಿದವರೆಲ್ಲ ಈ ಮಾತು ಕೇಳಿರುತ್ತೀರಿ. ನಾನು ಎರಡು ವರ್ಷ ಕೇಳಿದೆ. ಆಮೇಲೆ, ಮಾಲೀಕ ಪ್ರತಿ ಸಂತೆಗೆ ಎಷ್ಟು ಕೊಟ್ಟ ಅಂತ ಬರೆದು ತೋರಿಸುವ ಲೆಕ್ಕದ ದಾರಿ ಹಿಡಿದೆ. "ಲೆಕ್ಕ ಬರೆದು ಕೊಟ್ರೆ ಅದು ಕೂಲಿ ಜಗಳ ಆಗುತ್ತೆ, ಕಾರ್ಮಿಕ ಇಲಾಖೆಗೆ ತಳ್ಳಿಬಿಡ್ತಾರೆ" ಅಂತ ಜೊತೆಗಿದ್ದ ಹಿರಿಯರೇ ಹೇಳಿದರು. ಧರಣಿ ಕೂರೋಣ, ಪತ್ರಿಕೆಯವರನ್ನು ಕರೆಸೋಣ ಅಂದರು. ಇವತ್ತು ಅದೇ ಲೆಕ್ಕದಿಂದ 26 ಜನರ ಕೈಯಲ್ಲಿ, ಜೀತದಿಂದ ಬಿಡುಗಡೆಯಾದರು ಅಂತ ಸರ್ಕಾರ ಕೊಡುವ ಬಿಡುಗಡೆ ಪತ್ರ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತದ್ದು ಹೇಳುತ್ತೇನೆ. 2017ರಲ್ಲಿ ಒಂದು ಭಟ್ಟಿಯ 14 ಜನರ ಪರವಾಗಿ ಅರ್ಜಿ ಕೊಟ್ಟೆ. ಅಧಿಕಾರಿ ಬಂದರು. ಮಾಲೀಕನ ಶೆಡ್ಡಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಮಾಲೀಕ ಅವರ ಬೆನ್ನ ಹಿಂದೆಯೇ ನಿಂತಿದ್ದ. "ನಿಮ್ಮನ್ನ ಯಾರಾದ್ರೂ ಕೂಡಿ ಹಾಕಿದ್ದಾರಾ?" "ಇಲ್ರಿ ಸಾಹೇಬ್ರ, ನಾವಾಗೇ ಬಂದೀವಿ." 14 ಜನರದ್ದೂ ಒಂದೇ ಉತ್ತರ. ಮಹಜರಿನಲ್ಲಿ (ಸ್ಥಳ ತನಿಖೆಯ ವರದಿಯಲ್ಲಿ) "ಜೀತ ಕಂಡುಬಂದಿಲ್ಲ" ಅಂತ ಬರೆದು ಮಧ್ಯಾಹ್ನದ ಊಟದೊಳಗೆ ಮುಗಿಸಿದರು. ಆ ರಾತ್ರಿ ಇಬ್ಬರಿಗೆ ಏಟು ಬಿತ್ತು. ಅವರ ರಕ್ಷಣೆಗೆ ದಾರಿ ಮಾಡದೆ ಅರ್ಜಿ ಕೊಟ್ಟದ್ದು ನನ್ನ ತಪ್ಪು. ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಎರಡನೇ ಸಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಸುಮಾರು ಮೂರು ಗಂಟೆಯ ಮಾತು. ಪೆನ್ ಡ್ರೈವ್ ಕಡತದ ಜೊತೆ ಪಿನ್ ಹೊಡೆಸಿಕೊಂಡು ಹಾಗೇ ಉಳಿಯಿತು, ಯಾರೂ ಹಾಕಿ ಕೇಳಲಿಲ್ಲ. ಬಸ್ಸು, ಜೆರಾಕ್ಸ್, ಬಂದವರ ಊಟ ಅಂತ ಆ ಎರಡು ವರ್ಷದಲ್ಲಿ ಕೈಯಿಂದ 40 ಸಾವಿರ ಹೋಗಿರಬೇಕು. ಒಂದೂ ಪತ್ರ ಬರಲಿಲ್ಲ.

ದಾರಿ ತೋರಿಸಿದ್ದು ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು. ಗಂಡ ಹೆಂಡತಿ ಸೇರಿ 60 ಸಾವಿರ ಮುಂಗಡ ತಗೊಂಡು ಭಟ್ಟಿಗೆ ಬಂದಿದ್ದರು. ಎಷ್ಟು ಇಟ್ಟಿಗೆ ಹೊಡೆದಿರಿ ಅಂದರೆ ಗೊತ್ತಿಲ್ಲ. ಲೆಕ್ಕದ ಪುಸ್ತಕ ಇದ್ದದ್ದು ಮಾಲೀಕನ ಹತ್ತಿರ. ವಾರಕ್ಕೊಮ್ಮೆ ಸಂತೆ ದಿನ ಖರ್ಚಿಗೆ ಅಂತ ಸಾವಿರ ರೂಪಾಯಿ ಕೊಡುತ್ತಿದ್ದ, ಅಷ್ಟೇ. ನಾನು ಸುಮ್ನೆ ಕೇಳಿದೆ, ಎಳ್ಳ ಅಮಾವಾಸ್ಯೆ ಸಂತೆಗೆ ಏನು ತಂದಿರಿ ಅಂತ. ತಟ್ಟನೆ ಹೇಳಿದಳು: "ಏನೂ ತರಲಿಲ್ರಿ ಅಣ್ಣಾರ. ಅವತ್ತ ಏಳ್ನೂರ ಅಷ್ಟ ಕೊಟ್ಟಿದ್ದ. ಕೂಸಿಗೆ ಜ್ವರ, ಔಷಧಕ್ಕ ಹೋತು. ಚರಗಕ್ಕ ಒಂದು ಹಿಡಿ ಹಿಟ್ಟೂ ಇರಲಿಲ್ಲ." ಚರಗ ಅಂದರೆ ಆ ಹಬ್ಬದ ದಿನ ಹೊಲಕ್ಕೆ ಚೆಲ್ಲುವ ನೈವೇದ್ಯ.

ತಾರೀಖು ಗೊತ್ತಿಲ್ಲದಿದ್ದರೂ ಸಂತೆ ಒಂದೂ ಮರೆತಿರಲಿಲ್ಲ. ದೀಪಾವಳಿಯಿಂದ ಶುರು ಮಾಡಿದೆವು. ಶಿವರಾತ್ರಿ, ಹೋಳಿ, ಯುಗಾದಿ ದಾಟಿ ಕಾರ ಹುಣ್ಣಿಮೆವರೆಗೆ 30 ಸಂತೆ. ಪ್ರತಿ ಸಂತೆಗೂ ಒಂದು ಸಾಲು: ಎಷ್ಟು ಕೊಟ್ಟ, ಏನು ತಂದರು, ಆ ವಾರ ಯಾರಿಗೆ ಹುಷಾರಿರಲಿಲ್ಲ. ಎರಡು ರಾತ್ರಿ ಹಿಡಿಯಿತು. ಒಟ್ಟು ಸುಮಾರು 30 ಸಾವಿರ. ಮುಂಗಡ ಸೇರಿಸಿದರೆ 90 ಸಾವಿರ.

ಆಗ ಕನಿಷ್ಠ ಕೂಲಿ ದಿನಕ್ಕೆ 400ರ ಆಸುಪಾಸು ಅಂತ ನೆನಪು. ಇಬ್ಬರಿಗೆ 200 ದಿನಕ್ಕೆ 1 ಲಕ್ಷ 60 ಸಾವಿರ ಆಗುತ್ತದೆ. ಅಂದರೆ ಮಾಲೀಕನೇ ಅವರಿಗೆ 70 ಸಾವಿರ ಕೊಡಬೇಕು. ಅವನು ಮಾತ್ರ ಇನ್ನೂ 45 ಸಾವಿರ ಬಾಕಿ ಇದೆ, ತೀರಿಸದೆ ಹೋಗುವ ಹಾಗಿಲ್ಲ ಅನ್ನುತ್ತಿದ್ದ! ಊರಲ್ಲಿ ಅತ್ತೆ ತೀರಿಕೊಂಡಾಗಲೂ ಮೈದುನನನ್ನು ಭಟ್ಟಿಯಲ್ಲಿ ಬಿಟ್ಟು ಹೋಗಬೇಕಾಯಿತು. ಇದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದೆ. ಎರಡನೇ ಹಾಳೆ ಇದ್ದರೆ ಯಾರೂ ತಿರುವುವುದಿಲ್ಲ.

1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಜೀತ ಅನ್ನುವುದಕ್ಕೆ ಬೇಡಿ, ಬೀಗ ಬೇಕಿಲ್ಲ. ಮುಂಗಡದ ಕಾರಣಕ್ಕೆ ಬೇರೆ ಕಡೆ ದುಡಿಯುವ, ಓಡಾಡುವ ಸ್ವಾತಂತ್ರ್ಯ ಹೋದರೂ ಸಾಕು, ಕೂಲಿ ತೀರಾ ಕಡಿಮೆ ಇದ್ದರೂ ಸಾಕು. ನಾನು ಜೀತ ಅನ್ನುವ ಪದವನ್ನು ಹಾಳೆಯ ಕೊನೆಯ ಸಾಲಿನವರೆಗೂ ಬಳಸಲಿಲ್ಲ. ಅಲ್ಲಿ ಆ ಕಾಯ್ದೆಯ ಕಲಂ 15 ಬರೆದೆ: ಇದು ಜೀತದ ಸಾಲ ಅಲ್ಲ ಅಂತ ತೋರಿಸುವ ಹೊಣೆ ಸಾಲ ಕೊಟ್ಟವನದು. ಪುರಾವೆ ತನ್ನಿ ಅನ್ನುವ ಮಾತು ಅಲ್ಲಿಗೆ ಮಾಲೀಕನ ಕಡೆ ತಿರುಗಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ ಸುಪ್ರೀಂ ಕೋರ್ಟ್ 1982ರಲ್ಲಿ ಏಷ್ಯಾಡ್ (ದೆಹಲಿಯ ಏಷ್ಯನ್ ಗೇಮ್ಸ್) ಕಟ್ಟಡ ಕಾರ್ಮಿಕರ ಕೇಸಿನಲ್ಲಿ ಹೇಳಿದೆಯಲ್ಲ, ಅದನ್ನು ಮೊದಲು ಇಂಗ್ಲಿಷಿನಲ್ಲೇ ಲಗತ್ತಿಸುತ್ತಿದ್ದೆ. ಈ ಸಲ ನಾಲ್ಕು ಸಾಲು ಕನ್ನಡದಲ್ಲಿ ಬರೆದು ಮೇಲಿಟ್ಟೆ. ಕಚೇರಿಯಲ್ಲಿ ಕಡತ ನೋಡುವ ವಿಷಯ ನಿರ್ವಾಹಕರು ನನ್ನೆದುರೇ ಎರಡು ಸಲ ಓದಿದರು.

ಹೇಳಿಕೆಯನ್ನು ಮಾಲೀಕನ ಎದುರು ತೆಗೆದುಕೊಳ್ಳಬಾರದು ಅನ್ನುವುದು ಈಗ ನನ್ನ ಅರ್ಜಿಯ ಮೊದಲ ಸಾಲು. ಕಚೇರಿಯ ಟಪಾಲು ವಿಭಾಗದಲ್ಲಿ ಸ್ವೀಕೃತಿ ಮುದ್ರೆ ಹಾಕಿಸದೆ ಹೊರಗೆ ಬರುವುದಿಲ್ಲ. ಅರ್ಜಿ ಕೊಡುವ ಮೊದಲು ಭಟ್ಟಿಯೊಳಗೆ ಸುದ್ದಿ ಹೇಗೆ ಮುಟ್ಟಿಸುತ್ತೇನೆ, ವಾರದ ಯಾವ ದಿನ ಕೊಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮಾಲೀಕರೂ ಓದುತ್ತಾರೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಇವರು ಯಾವಾಗ ಬಂದರು ಅನ್ನುವುದಕ್ಕೆ ದಾಖಲೆ ಎಲ್ಲಿ? ಅವರ ಊರಿನ ಶಾಲೆಗೆ ಹೋದೆ. ದೊಡ್ಡ ಮಗಳು ನಾಲ್ಕನೇ ತರಗತಿ. ಹಾಜರಿ ಪುಸ್ತಕದಲ್ಲಿ ನವೆಂಬರ್‌ನಿಂದ ಅವಳ ಹೆಸರಿನ ಮುಂದೆ ಬರೀ ಗೈರು. ಹೆಡ್ ಮಾಸ್ತರು ಪ್ರತಿ ಮಾಡಿ ಸಹಿ ಹಾಕಿಕೊಟ್ಟರು. ರೇಷನ್ನಿಗೆ ಹೆಬ್ಬೆಟ್ಟು ಒತ್ತಿರಲಿಲ್ಲ ಅನ್ನುವುದನ್ನೂ ತೆಗೆಸಿದೆ, ಆದರೆ ಅದು ಅಷ್ಟು ಉಪಯೋಗಕ್ಕೆ ಬರಲಿಲ್ಲ. ಮಗುವಿನ ಹಾಜರಿ ನೋಡಿ ಎಸಿ ಸಾಹೇಬರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬಿಡುಗಡೆ ಪತ್ರ ಬಂದದ್ದು ನಾಲ್ಕು ತಿಂಗಳಿಗೆ, 2019ರಲ್ಲಿ. ಆಮೇಲೆ ಏಳು ಅರ್ಜಿ ಹೀಗೇ ಕೊಟ್ಟಿದ್ದೇನೆ. ಒಟ್ಟು ಎಂಟು ಅರ್ಜಿಯಲ್ಲಿ 31 ಜನ, 26 ಪತ್ರ. ಸಿಗದ ಐವರದ್ದು ಒಂದೇ ಕುಟುಂಬ. ಲೆಕ್ಕ ಮುಗಿಯುವ ಮೊದಲೇ ಮಾಲೀಕ ಅವರನ್ನು ಬೇರೆ ಕಡೆ ಸಾಗಿಸಿದ್ದ.

ದುಡ್ಡಿನ ಕಥೆ ಬೇರೆ. ಬಿಡುಗಡೆಯಾದವರಿಗೆ ತಕ್ಷಣದ ಪರಿಹಾರ ಆಗ 20 ಸಾವಿರ ಇತ್ತು, 2022ರಿಂದ 30 ಸಾವಿರದವರೆಗೆ. "ನಿಧಿಯಲ್ಲಿ ಹಣ ಇಲ್ಲ" ಅಂದರು ಕಚೇರಿಯವರು. ಕೇಂದ್ರದ 2016ರ ಜೀತ ಕಾರ್ಮಿಕರ ಪುನರ್ವಸತಿ ಯೋಜನೆ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 10 ಲಕ್ಷದ ನಿಧಿ ಇರಬೇಕು. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಒಂದೇ ಸಾಲು ಕೇಳಿದೆ: ಆ ಖಾತೆಯಲ್ಲಿ ಇವತ್ತು ಎಷ್ಟಿದೆ? ಉತ್ತರಕ್ಕಿಂತ ಮೊದಲು ಹಣವೇ ಬಂತು. ಪೂರ್ತಿ ಪುನರ್ವಸತಿ ಮೊತ್ತ, ಗಂಡಸಿಗೆ 1 ಲಕ್ಷ, ಹೆಂಗಸಿಗೆ 2 ಲಕ್ಷ, ಇನ್ನೂ ಯಾರಿಗೂ ಸಿಕ್ಕಿಲ್ಲ. ಅದನ್ನು ಕೊಡುವುದನ್ನು ಮಾಲೀಕನಿಗೆ ಶಿಕ್ಷೆ ಆಗುವುದಕ್ಕೆ ಗಂಟು ಹಾಕಿದ್ದಾರೆ. ಸರ್ಕಾರ ಕೇಸು ನಡೆಸದಿದ್ದರೆ ಅದರ ನಷ್ಟ ಜೀತದಿಂದ ಬಂದವರಿಗೆ! ಇದು ಅನ್ಯಾಯ ಅಲ್ವಾ?

ಈಗ ಆ ಹೆಣ್ಣುಮಗಳ ಕೇಸಿನಲ್ಲಿ ಮಾಲೀಕ ತನ್ನ ಲೆಕ್ಕದ ಪುಸ್ತಕ ಹಾಜರುಪಡಿಸಿದ್ದಾನೆ. ಹೋದ ತಿಂಗಳು ಅವಳ ಊರಿಗೆ ಹೋಗಿ ಪ್ರತಿಯನ್ನು ಓದಿ ಹೇಳಿದೆ. ಎಳ್ಳ ಅಮಾವಾಸ್ಯೆ ವಾರದ ಸಾಲಿಗೆ ಬಂದಾಗ ನಿಲ್ಲಿಸಿದಳು. ಅದರಲ್ಲಿ 3,000 ಕೊಟ್ಟೆ ಅಂತಿತ್ತು, ಪಕ್ಕದಲ್ಲಿ ಅವಳ ಗಂಡನ ಸಹಿ. "ಅವರಿಗೆ ಸಹಿ ಮಾಡಾಕ ಬರಂಗಿಲ್ರಿ," ಅಂದಳು. "ಹೆಬ್ಬಟ್ಟ ಒತ್ತತಾರ." ಆ ಸಾಲಿನ ಕೆಳಗೆ ಗೆರೆ ಎಳೆದು ವಕೀಲರಿಗೆ ಕೊಟ್ಟಿದ್ದೇನೆ.