ಪ್ರೆಶರ್ ವಾಶರ್, ವ್ಯಾಕ್ಯೂಮ್: ನಾನೇ ಮಾಡಿಕೊಳ್ಳುವ ರಿಪೇರಿ

ಬೆಂಗಳೂರಿನಲ್ಲಿ ಮನೆಮನೆಗೆ ಹೋಗಿ ಸಂಪು, ಓವರ್‌ಹೆಡ್ ಟ್ಯಾಂಕ್, ಸೋಫಾ ತೊಳೆದುಕೊಡುವುದು ನನ್ನ ಕೆಲಸ. ಮೆಷಿನ್ ಕೈಕೊಟ್ಟರೆ ಅವತ್ತಿನ ದುಡಿಮೆ ಹೋದಂತೆ, ಅಲ್ವಾ? ಅದಕ್ಕೇ ರಿಪೇರಿ ನಾನೇ ಕಲಿತೆ.

ನಮ್ಮ ಕಡೆ ಪ್ರೆಶರ್ ವಾಶರ್‌ಗೆ, ಅಂದರೆ ನೀರನ್ನು ರಭಸವಾಗಿ ಚಿಮ್ಮಿಸಿ ತೊಳೆಯುವ ಮೆಷಿನ್‌ಗೆ, ದೊಡ್ಡ ಶತ್ರು ಬೋರ್‌ವೆಲ್ ನೀರು. ಗಡಸು ನೀರಿನ ಸುಣ್ಣ ನಾಝಲ್ ತೂತಿನಲ್ಲಿ, ಪಂಪಿನ ವಾಲ್ವ್‌ಗಳಲ್ಲಿ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಪ್ರೆಶರ್ ಒಮ್ಮೆ ಬಂದು ಒಮ್ಮೆ ಬಿದ್ದುಹೋಗುತ್ತಿದ್ದರೆ ಪಂಪ್ ಬಿಚ್ಚುವ ಅವಸರ ಬೇಡ. ನಾನು ಮೊದಲು ನೀರು ಒಳಹೋಗುವ ಕಡೆಯ ಜಾಲರಿ ತೆಗೆದು ನೋಡುತ್ತೇನೆ. ಮರಳು, ಪಾಚಿ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಆಮೇಲೆ ಅದೇ ಕಡೆಯ ಪೈಪ್ ಜಾಯಿಂಟ್‌ನ ಓ-ರಿಂಗ್, ಅಂದರೆ ರಬ್ಬರ್ ಬಳೆ. ಅದು ಸವೆದಿದ್ದರೆ ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತದೆ, ಕೈಯಲ್ಲಿರುವ ಗನ್ ದಡದಡ ನಡುಗುತ್ತದೆ. ಹೊಸದು ಹಾಕುವಾಗ ಸ್ವಲ್ಪ ಸಿಲಿಕಾನ್ ಗ್ರೀಸ್ ಸವರಿದರೆ ಬೇಗ ಹರಿಯುವುದಿಲ್ಲ. ನಾಝಲ್ ಕಟ್ಟಿದ್ದರೆ ತೆಳು ಪಿನ್ನು ಹಾಕಿ ಬಿಡಿಸಿ, ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿದ ನೀರಿನಲ್ಲಿ ನೆನೆಸಿಡುತ್ತೇನೆ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ.

ಟ್ರಿಗರ್ ಬಿಟ್ಟರೂ ಮೋಟರ್ ನಿಲ್ಲದ ಮೆಷಿನ್ ಆದರೆ ಇನ್ನೊಂದು ಎಚ್ಚರಿಕೆ. ಮನೆಯವರು ಮಾತಿಗೆಳೆದಾಗ ಸ್ವಿಚ್ ಆಫ್ ಮಾಡಿಯೇ ತಿರುಗಿ. ಇಲ್ಲದಿದ್ದರೆ ನೀರು ಪಂಪಿನೊಳಗೇ ಸುತ್ತಿ, ಕಾದು, ಸೀಲ್ ಸುಡುತ್ತದೆ. ಕೆಲಸ ಮುಗಿದ ಮೇಲೆ ಮೆಷಿನ್ ಆಫ್ ಮಾಡಿ, ನಲ್ಲಿ ನಿಲ್ಲಿಸಿ, ಟ್ರಿಗರ್ ಒತ್ತಿ ಒಳಗಿನ ಪ್ರೆಶರ್ ಬಿಡುತ್ತೇನೆ.

ವ್ಯಾಕ್ಯೂಮ್‌ಗೆ ಇಷ್ಟು ಉಪಚಾರ ಬೇಡ. ಅದರದೇ ಟ್ಯಾಂಕ್ ತೊಳೆದು, ಫೋಮ್ ಫಿಲ್ಟರ್ ಒಣಗಿಸಿ ಇಟ್ಟರೆ ನಾತ ಬರುವುದಿಲ್ಲ. ಮೋಟರ್‌ನಲ್ಲಿ ಕಿಡಿ ಜಾಸ್ತಿಯಾಗಿ ಸುಟ್ಟ ವಾಸನೆ ಬಂದರೆ ಮೊದಲು ಪ್ಲಗ್ ಕಿತ್ತು ಕಾರ್ಬನ್ ಬ್ರಷ್ ನೋಡಬೇಕು; ಮೋಟರ್‌ನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಎರಡು ಇದ್ದಿಲಿನ ತುಂಡುಗಳು ಅವು. ಒಂದೇ ಸವೆದಿದ್ದರೂ ಎರಡನ್ನೂ ಬದಲಿಸಿ. ಹಳೆಯದನ್ನೇ ಬಿಡಿಭಾಗದ ಅಂಗಡಿಗಳಿರುವ ಎಸ್‌ಜೆಪಿ ರಸ್ತೆಗೆ ಹಿಡಿದುಕೊಂಡು ಹೋಗಿ ಅಳತೆ ಹೊಂದಿಸಿ ತರುತ್ತೇನೆ. ಬಾಯಲ್ಲಿ ಹೇಳಿ ತಂದದ್ದು ಕೂರುವುದು ಕಷ್ಟ.

ವೈರ್ ವಿಷಯದಲ್ಲಿ ಮಾತ್ರ ನಾನು ದುಡ್ಡಿನ ಮುಖ ನೋಡುವುದಿಲ್ಲ. 1,800 ವ್ಯಾಟ್ ಮೆಷಿನ್ ಸುಮಾರು 8 ಆಂಪಿಯರ್ ಎಳೆಯುತ್ತದೆ. ಸುಮ್ನೆ ಸಿಕ್ಕ ತೆಳು ವೈರನ್ನು ಉದ್ದಕ್ಕೆ ಎಳೆದರೆ ವೋಲ್ಟೇಜ್ ಇಳಿದು ಮೋಟರ್ ಕಾಯುತ್ತದೆ. ನನ್ನದು 2.5 ಸ್ಕ್ವೇರ್ ಎಂಎಂ, ಮೂರು ಕೋರ್ ತಾಮ್ರದ ವೈರ್, 16 ಆಂಪಿಯರ್ ಪ್ಲಗ್. ಮೆಷಿನ್ ಯಾವಾಗಲೂ ಸಂಪಿನ ಹೊರಗೇ, ಒಣ ನೆಲದ ಮೇಲೆ. ಅರ್ಥಿಂಗ್ ಇಲ್ಲದ ಪಾಯಿಂಟ್ ಆದರೆ ಮನೆಯವರು ಎಷ್ಟೇ ಅವಸರ ಮಾಡಿದರೂ ಪ್ಲಗ್ ಹಾಕುವುದಿಲ್ಲ. ಒದ್ದೆ ಸಂಪಿಗೆ ಗನ್ ಹಿಡಿದು ಇಳಿಯುವವನು ನನ್ನ ಜೊತೆಯ ಹುಡುಗ.