ಮಗಳ ಮನಸ್ಸು ನನಗೆಷ್ಟು ಗೊತ್ತು, ನನ್ನದು ಅವಳಿಗೆಷ್ಟು? ಮನೆಯಲ್ಲೇ ಅಳೆದು ನೋಡುವ ಬಗೆ

ಚಿಕ್ಕಮಗಳೂರಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಮಗಳಿಗೆ ಹದಿನೈದು. ಈ ಏಪ್ರಿಲ್‌ನಲ್ಲಿ ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ನಾವಿಬ್ಬರೂ ಸೇರಿ ಒಂದು ಪ್ರಯೋಗ ಮಾಡಿದೆವು. ಮಾಡಿದ್ದು ಹೇಗೆ ಅಂತ ಪೂರ್ತಿ ಬರೆಯುತ್ತಿದ್ದೇನೆ, ಹದಿಹರೆಯದ ಮಕ್ಕಳಿರುವವರು ದಯವಿಟ್ಟು ಒಮ್ಮೆ ಮಾಡಿ ನೋಡಿ.

ವಿಧಾನ ನಾನು ಹುಟ್ಟುಹಾಕಿದ್ದಲ್ಲ. ಅಮೆರಿಕದ ಟೆಕ್ಸಾಸ್‌ನ ಮನಶ್ಶಾಸ್ತ್ರಜ್ಞ ವಿಲಿಯಂ ಇಕೆಸ್ ಅವರು ಇಬ್ಬರ ಮಾತುಕತೆಯನ್ನು ವಿಡಿಯೋ ಮಾಡಿ, ಒಬ್ಬರ ಮನಸ್ಸಿನಲ್ಲಿ ಆಗ ಏನಿತ್ತು ಅನ್ನೋದನ್ನ ಇನ್ನೊಬ್ಬರು ಎಷ್ಟು ಸರಿಯಾಗಿ ಊಹಿಸುತ್ತಾರೆ ಅಂತ ಅಳೆಯುತ್ತಿದ್ದರು. ಅದನ್ನೇ ಮನೆಗೆ ಹೊಂದಿಸಿಕೊಂಡೆವು.

ಮೊದಲು ಒಂದು ಚಿಕ್ಕ ಕೆಲಸ. ಒಂದು ಹಾಳೆ ತಗೊಂಡು ನಿಮ್ಮ ಮಗುವಿನ ಬಗ್ಗೆ ಐದು ನಿಮಿಷ ಬರೆಯಿರಿ, ಯೋಚಿಸಬೇಡಿ, ಬಂದದ್ದನ್ನೆಲ್ಲ ಬರೆಯಿರಿ. ಆಮೇಲೆ ಎಣಿಸಿ. ಎತ್ತರ, ಮಾರ್ಕ್ಸು, ಬೇಗ ಏಳಲ್ಲ, ತಟ್ಟೆ ತೊಳೆಯಲ್ಲ, ಇವೆಲ್ಲ ಒಂದು ಕಡೆ. ಏನು ಆಸೆ, ಯಾವುದಕ್ಕೆ ಹೆದರುತ್ತಾಳೆ, ಯಾವುದನ್ನು ತಲೆಗೆ ಹಚ್ಚಿಕೊಳ್ಳುತ್ತಾಳೆ, ಇವು ಇನ್ನೊಂದು ಕಡೆ. ಒಟ್ಟಿನಲ್ಲಿ ಎರಡನೆಯದರ ಪಾಲು ಎಷ್ಟು ಅಂತ ನೋಡಿ. ಎಲಿಜಬೆತ್ ಮೈನ್ಸ್ ಎಂಬ ಮನಶ್ಶಾಸ್ತ್ರಜ್ಞೆ ತಾಯಂದಿರ ಮಾತನ್ನು ಹೆಚ್ಚುಕಮ್ಮಿ ಹೀಗೇ ಎಣಿಸಿದವರು. ನಾನು ಬರೆದ ಹನ್ನೊಂದು ಮಾತಿನಲ್ಲಿ ಮನಸ್ಸಿಗೆ ಸೇರಿದ್ದು ಎರಡೇ. ಮಗುವಿಗೂ ನಿಮ್ಮ ಬಗ್ಗೆ ಬರೆಯಲು ಹೇಳಿ.

ಈಗ ಮುಖ್ಯ ಕೆಲಸ. ಮಗುವನ್ನು ಕೇಳಿಯೇ ಶುರು ಮಾಡಿ, ಬೇಡ ಅಂದರೆ ಅಲ್ಲಿಗೇ ಬಿಡಿ. ವಿಡಿಯೋ ಯಾರಿಗೂ ಕಳಿಸಲ್ಲ, ಕೆಲಸ ಮುಗಿದ ಮೇಲೆ ಅಳಿಸುತ್ತೇವೆ ಅಂತ ಮೊದಲೇ ಮಾತು ಕೊಡಿ. ಹತ್ತು ನಿಮಿಷ ಮಾತಾಡುವ ವಿಷಯ ಸ್ವಲ್ಪ ಬಿಸಿ ಇರಬೇಕು, ಆದರೆ ಮನೆಯ ಅತಿ ದೊಡ್ಡ ಜಗಳದ್ದು ಬೇಡ. ಮೊಬೈಲ್ ಬಳಸೋದು, ಟ್ಯೂಷನ್, ಪಿಯುಸಿಗೆ ಯಾವ ಕಾಂಬಿನೇಷನ್, ಇಂಥದ್ದು. ಮಲೆನಾಡಿನವರು ಜುಲೈ ತಿಂಗಳು ಬಿಟ್ಟು ಬೇರೆ ದಿನ ನೋಡಿಕೊಳ್ಳಿ, ಶೀಟಿನ ಮನೆಯಲ್ಲಿ ಮಳೆ ಸದ್ದಿಗೆ ರೆಕಾರ್ಡಿಂಗ್‌ನಲ್ಲಿ ಒಂದು ಮಾತೂ ಕೇಳಿಸಲ್ಲ. ನಾವು ಊಟದ ಟೇಬಲ್ ಮೇಲೆ ಉಪ್ಪಿನಕಾಯಿ ಭರಣಿಗೆ ಮೊಬೈಲ್ ಒರಗಿಸಿಟ್ಟೆವು, ಎರಡು ನಿಮಿಷಕ್ಕೆ ಅದು ಇರೋದೇ ಮರೆತುಹೋಯಿತು.

ಮುಗಿದ ತಕ್ಷಣ ಬೇರೆ ಬೇರೆ ಕೋಣೆಗೆ ಹೋಗಿ, ಒಬ್ಬರಾದ ಮೇಲೆ ಒಬ್ಬರು ವಿಡಿಯೋ ನೋಡಿ. 'ಇಲ್ಲಿ ನನಗೆ ಹೀಗನ್ನಿಸಿತ್ತು' ಅಂತ ನೆನಪಾದ ಕಡೆಯಲ್ಲೆಲ್ಲ ನಿಲ್ಲಿಸಿ, ನಿಮಿಷ ಸೆಕೆಂಡ್ ಹಾಕಿ, ಅನ್ನಿಸಿದ್ದನ್ನು ಒಂದು ಸಾಲಿನಲ್ಲಿ ಬರೆಯಿರಿ. ಆಗ ಅನ್ನಿಸಿದ್ದು ಮಾತ್ರ, ನೋಡುವಾಗ ಹೊಳೆದದ್ದು ಬೇಡ. ತಲಾ ಹತ್ತು ಸಾಲು ಸಾಕು. ನಂತರ ಬರೆದದ್ದನ್ನು ಮುಚ್ಚಿಟ್ಟು, ಗುರುತು ಹಾಕಿದ ಸಮಯ ಮಾತ್ರ ಒಬ್ಬರಿಗೊಬ್ಬರು ಹೇಳಿ. ಅವಳು ಗುರುತು ಹಾಕಿದ ಕಡೆ ನೀವು ನಿಲ್ಲಿಸಿ ಅವಳಿಗೆ ಏನನ್ನಿಸಿತ್ತು ಅಂತ ಊಹಿಸಿ, ನೀವು ಹಾಕಿದ ಕಡೆ ಅವಳು ಊಹಿಸಲಿ. ಪ್ರತಿ ಊಹೆಯ ಪಕ್ಕ ಎಷ್ಟು ಖಾತ್ರಿ ಅಂತ 1ರಿಂದ 7ರೊಳಗೆ ಒಂದು ಅಂಕಿ ಹಾಕಿ. ಇದು ನಾನು ಸೇರಿಸಿಕೊಂಡದ್ದು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಂಕ ಹಾಕೋಕೆ ಮೂರನೆಯವರು ಬೇಕು. ಯಾರ ಪರವೂ ವಹಿಸದ, ಊರೆಲ್ಲ ಹೇಳಿಕೊಂಡು ಬರದ ಒಬ್ಬರು. ನಮ್ಮಲ್ಲಿ ನನ್ನ ತಂಗಿ ಮಾಡಿದಳು. ಬರೆದದ್ದಕ್ಕೂ ಊಹೆಗೂ ಸಂಬಂಧವೇ ಇಲ್ಲದಿದ್ದರೆ 0, ಹತ್ತಿರ ಬಂದಿದ್ದರೆ 1, ಅದೇ ಆಗಿದ್ದರೆ 2. ಹತ್ತು ಸಾಲಿಗೆ 20 ಅಂಕ, ಬಂದದ್ದನ್ನು ನೂರಕ್ಕೆ ಲೆಕ್ಕ ಹಾಕಿ. ಗಾಬರಿ ಆಗಬೇಡಿ, ಇಕೆಸ್ ಹೇಳುವಂತೆ ಅಪರಿಚಿತರಿಗೆ ಬರೋದು ಸುಮಾರು 20, ಗೆಳೆಯರಿಗೆ, ಗಂಡ ಹೆಂಡಿರಿಗೆ ಬಂದರೂ 35ರ ಆಸುಪಾಸು. 60 ದಾಟುವವರು ತೀರಾ ಕಡಿಮೆ.

ನನಗೆ ಬಂದದ್ದು 25. ಆದರೆ ನಾನು ಜಾಸ್ತಿ ಹೊತ್ತು ನೋಡಿದ್ದು ಆ ಖಾತ್ರಿಯ ಅಂಕಿಗಳನ್ನ. ನಾಲ್ಕು ನಿಮಿಷ ಹತ್ತು ಸೆಕೆಂಡ್. ಮಗಳು ಕಾಫಿ ಲೋಟದ ಅಂಚಿನ ಮೇಲೆ ಬೆರಳು ಸುತ್ತಿಸುತ್ತಾ 'ಆಯ್ತಪ್ಪ, ನೀವು ಹೇಳಿದಂಗೇ ಸೈನ್ಸ್ ತಗೋತೀನಿ' ಅನ್ನುತ್ತಾಳೆ. ನನ್ನ ಊಹೆ: 'ಒಪ್ಪಿದ್ದಾಳೆ, ನಿರಾಳ ಆಗಿದ್ದಾಳೆ.' ಖಾತ್ರಿ 7. ಅವಳು ಬರೆದದ್ದು: 'ಹಾಸನದ ಹಾಸ್ಟೆಲ್‌ನಲ್ಲಿ ಒಬ್ಬಳೇ ಇರಬೇಕು, ಭಯ. ಹೇಳಿದರೆ ಬೈತಾರೆ.' ಅಂಕ 0. ಆ ಸಾಲು ಓದಿ ನನಗೆ ಊಟ ಸೇರಲಿಲ್ಲ.

ಅದಕ್ಕೇ ಹೇಳೋದು, ಖಾತ್ರಿ 6 ಅಥವಾ 7 ಇದ್ದು ಅಂಕ 0 ಬಂದ ಸಾಲುಗಳಿಗೆ ಮೊದಲು ಗೆರೆ ಎಳೆಯಿರಿ. ಮನಶ್ಶಾಸ್ತ್ರಜ್ಞರಾದ ಪ್ಯಾಟ್ರಿಕ್ ಲೂಯ್ಟನ್, ಪೀಟರ್ ಫೋನಗಿ ಮತ್ತು ಜೊತೆಯವರು 2017ರಲ್ಲಿ ಪ್ರಕಟಿಸಿದ, ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರಿಗಾಗಿ ಮಾಡಿದ 18 ಪ್ರಶ್ನೆಗಳ ಪಟ್ಟಿಯೂ ಮಗುವಿನ ಮನಸ್ಸು ತನಗೆ ಎಷ್ಟು ಖಚಿತ ಅಂತ ತಂದೆತಾಯಿ ಅಂದುಕೊಂಡಿದ್ದಾರೆ, ಅದರ ಬಗ್ಗೆ ಎಷ್ಟು ಕುತೂಹಲ ಇದೆ, ಎರಡನ್ನೂ ಬೇರೆ ಬೇರೆ ಅಳೆಯುತ್ತದೆ. ಗೊತ್ತಿದೆ ಅಂದುಕೊಂಡ ಮೇಲೆ ಯಾರು ಕೇಳ್ತಾರೆ, ಅಲ್ವಾ? ನಾನೂ ಕೇಳಿರಲಿಲ್ಲ.

ಮಗುವಿನ ಊಹೆಗಳನ್ನೂ ಅಷ್ಟೇ ಗಮನವಿಟ್ಟು ನೋಡಿ. ಒಂದು ಕಡೆ ನಾನು ಕಿಟಕಿ ಕಡೆ ನೋಡುತ್ತಾ ಸುಮ್ನೆ ಕೂತಿದ್ದೆ. 'ಅಪ್ಪನಿಗೆ ನನ್ನ ಮೇಲೆ ಸಿಟ್ಟು' ಅಂತ ಬರೆದಿದ್ದಳು, ಖಾತ್ರಿ 7. ನಾನು ಬರೆದದ್ದು, 'ಹೂಮಳೆ ಇನ್ನೂ ಬಂದಿಲ್ಲ, ಈ ವರ್ಷ ಫಸಲಿನ ಗತಿ ಏನು.' ಹೂಮಳೆ ಅಂದರೆ ಕಾಫಿ ಗಿಡ ಹೂ ಬಿಡೋಕೆ ಬೇಕಾದ ಬೇಸಿಗೆ ಮಳೆ. ತೋಟದ ಚಿಂತೆಯನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ, ಅವಳು ಇಷ್ಟು ವರ್ಷ ಆ ಮೌನವನ್ನೆಲ್ಲ ತನ್ನ ಮೇಲೆ ಹಾಕಿಕೊಂಡಿದ್ದಾಳೆ.

ಹಾಳೆಗಳನ್ನು ಎದುರುಬದುರು ಇಟ್ಟು ಓದುವಾಗ ವಾದ ಮಾಡಬೇಡಿ. 'ಹಾಗೇನಿಲ್ಲ, ನಿನಗೆ ಹಾಗನ್ನಿಸಬಾರದಿತ್ತು' ಅಂದರೆ ಮುಂದಿನ ಸಲ ಅವಳು ನಿಮಗೆ ಬೇಕಾದ್ದನ್ನೇ ಬರೆಯುತ್ತಾಳೆ, ಅಳತೆ ಕೆಡುತ್ತದೆ. ಒಂದು ಮಾತುಕತೆಯ ಅಂಕದಿಂದ ನೀವು ಎಂಥ ಅಪ್ಪ ಅಮ್ಮ ಅಂತ ತೀರ್ಮಾನ ಮಾಡೋಕೂ ಆಗಲ್ಲ, ಇದು ಕಾಯಿಲೆ ಪತ್ತೆ ಮಾಡುವ ಪರೀಕ್ಷೆಯೂ ಅಲ್ಲ. ಸಾಯಬೇಕು, ನೋವು ಮಾಡಿಕೊಳ್ಳಬೇಕು ಅನ್ನುವಂಥ ಮಾತು ಹಾಳೆಯಲ್ಲಿ ಕಂಡರೆ ಅಂಕಗಿಂಕ ಎಲ್ಲ ಬಿಟ್ಟು ಮಗುವಿನ ಪಕ್ಕ ಕೂತುಕೊಳ್ಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಒಂದೂವರೆ ತಿಂಗಳು ಬಿಟ್ಟು ಬೇರೆ ವಿಷಯ ಇಟ್ಟುಕೊಂಡು ಇನ್ನೊಮ್ಮೆ ಮಾಡಿ. ನಾವು ಎರಡನೇ ಸಲಕ್ಕೆ ಹಾಸ್ಟೆಲ್ಲೇ ಬೇಕಾ, ಇಲ್ಲೇ ಚಿಕ್ಕಮಗಳೂರಿನಲ್ಲಿ ಸೇರಿಸೋಣವಾ ಅನ್ನೋದನ್ನ ಇಟ್ಟುಕೊಂಡಿದ್ದೇವೆ. ವಿಷಯ ಆರಿಸಿದ್ದು ಅವಳೇ.