ಎರಡು ಡಬ್ಬದ ಸೌದೆ ಒಲೆ: ತೂತು ಎಲ್ಲಿ, ಎಷ್ಟು, ಯಾಕೆ

ಡಬ್ಬಕ್ಕೆ ನಾಲ್ಕು ತೂತು ಹೊಡೆದು ಪುಳ್ಳೆ ತುರುಕಿದರೆ ಬೆಂಕಿಯೇನೋ ಉರಿಯುತ್ತದೆ, ಜೊತೆಗೆ ಕಣ್ಣೂ ಉರಿಯುತ್ತದೆ. ಕಟ್ಟಿಗೆ ಕಾದಾಗ ಮೊದಲು ಬಿಡುವುದು ಹೊಗೆ. ಉರಿಯಬಲ್ಲ ಅನಿಲ ಇರುವುದು ಆ ಹೊಗೆಯಲ್ಲೇ. ಸರಿಯಾದ ಜಾಗದಲ್ಲಿ ಬಿಸಿಗಾಳಿ ಸಿಕ್ಕರೆ ಅದು ಉರಿಯಾಗುತ್ತದೆ, ಸಿಗದಿದ್ದರೆ ಮಸಿಯಾಗಿ ಪಾತ್ರೆಗೆ ಅಂಟುತ್ತದೆ. ಒಂದರೊಳಗೊಂದು ಡಬ್ಬ ಕೂರಿಸುವ ಈ ಒಲೆಯಲ್ಲಿ ಹೊರಡಬ್ಬದ ಬುಡದಿಂದ ನುಗ್ಗಿದ ಗಾಳಿ ಎರಡು ಪಾಲಾಗುತ್ತದೆ. ಒಂದು ಪಾಲು ಕೆಳಗಿನಿಂದ ಕಟ್ಟಿಗೆಗೆ ಹೋಗುತ್ತದೆ. ಇನ್ನೊಂದು, ಎರಡು ಡಬ್ಬಗಳ ನಡುವಿನ ಸಂದಿಯಲ್ಲಿ ಕಾಯುತ್ತಾ ಮೇಲೇರಿ, ಒಳಡಬ್ಬದ ಬಾಯಿಯ ಬಳಿಯ ತೂತುಗಳಿಂದ ಹೊಗೆಯೊಳಗೆ ನುಗ್ಗುತ್ತದೆ. ಹೀಗಾಗಿ ಇಲ್ಲಿ ಮುಖ್ಯವಾದದ್ದು ತಗಡಲ್ಲ, ಗಾಳಿಯ ಲೆಕ್ಕ.

ಡಬ್ಬ ಆರಿಸುವಾಗ

ಒಳಗಿನದಕ್ಕೆ ಒಂದು ಕಿಲೋ ರಸಗುಲ್ಲದ ಅಥವಾ ಅನಾನಸ್ ಹೋಳಿನ ಡಬ್ಬ ಸರಿ. ಅಗಲ ಸುಮಾರು 10 ಸೆಂ.ಮೀ., ಎತ್ತರ 12. ಹೊರಗಿನದು 13 ಸೆಂ.ಮೀ. ಅಗಲ, 16ರಿಂದ 17 ಸೆಂ.ಮೀ. ಎತ್ತರ ಇರಬೇಕು, ದೊಡ್ಡ ಹಾಲಿನಪುಡಿ ಡಬ್ಬಗಳು ಹೆಚ್ಚುಕಡಿಮೆ ಈ ಅಳತೆಯವು. ಅಂಥದ್ದೇ ಇನ್ನೊಂದು ಪಾತ್ರೆ ಕೂರಿಸುವ ಬಳೆಗೆ ಬೇಕು. ಅಳತೆ ಚೂರು ಆಚೀಚೆಯಾದರೂ ಎರಡು ಡಬ್ಬಗಳ ನಡುವಿನ ಸಂದಿ ಮಾತ್ರ ಸುತ್ತಲೂ 1ರಿಂದ 2 ಸೆಂ.ಮೀ. ಇರಲಿ. ಅದಕ್ಕಿಂತ ಕಿರಿದಾದರೆ ಗಾಳಿ ಸಲೀಸಾಗಿ ಏರುವುದಿಲ್ಲ, 3 ದಾಟಿದರೆ ಏರುವಷ್ಟರಲ್ಲಿ ಕಾಯುವುದಿಲ್ಲ. ಒಳಡಬ್ಬದ ತಳಕ್ಕೂ ನೆಲಕ್ಕೂ ನಡುವೆ 4 ಸೆಂ.ಮೀ. ಖಾಲಿ ಬೇಕು, ಬೂದಿ ಬೀಳುವುದು ಅಲ್ಲಿಗೇ.

ಗುಜರಿ ಅಂಗಡಿಗೆ ಹೋಗುವಾಗ ಸ್ಕೇಲಿನ ಜೊತೆ ಒಂದು ಅಯಸ್ಕಾಂತವೂ ಜೇಬಲ್ಲಿರಲಿ. ಹಗುರವಾಗಿದ್ದು ಅಯಸ್ಕಾಂತ ಅಂಟದ ಡಬ್ಬ ಅಲ್ಯೂಮಿನಿಯಂ. ಅದು 660 ಡಿಗ್ರಿಗೆ ಕರಗುವ ಲೋಹ, ಕೆಂಡ ಕೂರುವ ಜಾಗಕ್ಕೆ ಆಗದು. ಪೇಂಟಿನ ಡಬ್ಬ ಎಷ್ಟು ತೊಳೆದಿದ್ದರೂ ಬೇಡ. ಜಿಐ ತಗಡು (ಸತು ಲೇಪಿಸಿದ ತಗಡು), ಜಿಐ ತಂತಿ, ಜಿಐ ಜಾಲರಿ ಒಲೆಯ ಯಾವ ಭಾಗಕ್ಕೂ ಬೇಡ: ಅದರ ಮೇಲಿನ ಸತು ಸುಮಾರು 420 ಡಿಗ್ರಿಗೇ ಕರಗುತ್ತದೆ, ಇನ್ನೂ ಕಾದಾಗ ಏಳುವ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

ರಸಗುಲ್ಲದ ಡಬ್ಬದ ಮುಚ್ಚಳವನ್ನು ಒಳಅಂಚಿಗೆ ಕೊರೆಯುವ ಸಾದಾ ಓಪನರ್‌ನಿಂದಲೇ ತೆಗೆಯಿರಿ. ಬಾಯಿಯ ಸುತ್ತಲಿನ ದಪ್ಪ ಅಂಚು ಉಳಿಯಲೇಬೇಕು, ಒಳಡಬ್ಬ ತೂಗಿ ನಿಲ್ಲುವುದು ಅದರ ಮೇಲೆ.

ಉಳಿದಂತೆ ತಗಡು ಕತ್ತರಿ, ಡ್ರಿಲ್ ಮಿಷನ್, 6 ಮಿ.ಮೀ. ಬಿಟ್, ಸಿಕ್ಕರೆ ಸ್ಟೆಪ್ ಬಿಟ್ (ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುತ್ತಾ ಹೋಗುವ ಬಿಟ್), ಒಂದು ದುಂಡು ಅರ, ದಪ್ಪನೆಯ ಚರ್ಮದ ಕೈಗವಸು. ಈ ಕೆಲಸದಲ್ಲಿ ಬೆಂಕಿಗಿಂತ ಹೆಚ್ಚು ಗಾಯ ಮಾಡುವುದು ಕತ್ತರಿಸಿದ ತಗಡಿನ ಅಂಚು.

ಒಳಡಬ್ಬ

ಬಾಯಿಯಿಂದ ಒಂದೂವರೆ ಸೆಂ.ಮೀ. ಕೆಳಗೆ ಸುತ್ತಲೂ 6 ಮಿ.ಮೀ.ನ 16 ತೂತು ಬೇಕು. ಅಂತರ ಸಮ ಬರಲು ಸ್ಕೇಲ್ ಹಿಡಿದು ಒದ್ದಾಡಬೇಡಿ. ಡಬ್ಬಕ್ಕೆ ಕಾಗದದ ಪಟ್ಟಿ ಸುತ್ತಿ, ಎರಡು ತುದಿ ಕೂಡುವಲ್ಲಿ ಕತ್ತರಿಸಿ, ನಾಲ್ಕು ಸಲ ಅರ್ಧಕ್ಕರ್ಧ ಮಡಿಸಿ. ಬಿಚ್ಚಿದರೆ 16 ಸಮಭಾಗ, ಗೆರೆಯಿಂದ ಗೆರೆಗೆ ಸುಮಾರು 2 ಸೆಂ.ಮೀ. ಪಟ್ಟಿಯನ್ನು ಮತ್ತೆ ಸುತ್ತಿ ಗೆರೆಗೊಂದು ಗುರುತು ಹಾಕಿದರೆ ಮುಗಿಯಿತು.

ಖಾಲಿ ಡಬ್ಬದ ಮೇಲೆ ಡ್ರಿಲ್ ಒತ್ತಿದರೆ ಗೋಡೆ ಒಳಕ್ಕೆ ಕುಸಿಯುತ್ತದೆ. ಒದ್ದೆ ಮರಳನ್ನು ಗಟ್ಟಿಯಾಗಿ ತುಂಬಿಕೊಳ್ಳಿ, ಇಲ್ಲವೇ ಒಳಗೆ ಒಂದು ಮರದ ಕೊರಡು ಕೊಡಿ. ಡ್ರಿಲ್ ಇಲ್ಲದವರು ನಾಲ್ಕಿಂಚಿನ ಮೊಳೆ ಹೊಡೆದು, ಅರದಿಂದ ತಿರುವಿ ದೊಡ್ಡದು ಮಾಡಬಹುದು. ಮೊಳೆಯ ತೂತು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಆದರೆ ಒಳಗೆ ಮಗುಚಿಕೊಂಡ ತಗಡು ಅರ್ಧ ಗಾಳಿಯನ್ನು ತಡೆಯುತ್ತದೆ.

ತಳಕ್ಕೆ ಅದೇ ಬಿಟ್‌ನಲ್ಲಿ 24 ತೂತು: ನಡುವೆ ಒಂದು, ಅದರ ಸುತ್ತ 8, ಆಚೆಯ ಸುತ್ತಿನಲ್ಲಿ 15. ಇಲ್ಲಿ ಧಾರಾಳ ಮಾಡಬೇಡಿ. ತಳದಲ್ಲಿ ಗಾಳಿ ಹೆಚ್ಚಾದರೆ ಇಡೀ ಕಟ್ಟಿಗೆ ಒಂದೇ ಸಲ ಹೊತ್ತಿಕೊಂಡು ಐದಾರು ನಿಮಿಷಕ್ಕೆ ಬೂದಿಯಾಗುತ್ತದೆ, ಮೇಲಿನ ತೂತುಗಳಿಗೆ ಕೆಲಸವೇ ಉಳಿಯುವುದಿಲ್ಲ.

ಹೊರಡಬ್ಬ

ಇದನ್ನು ಮಗುಚಿ ಹಾಕಿ. ತಳ ಮೇಲಾಗುತ್ತದೆ, ಬಾಯಿ ನೆಲಕ್ಕೆ. ನೆಲದ ಅಂಚಿನಿಂದ 2 ಸೆಂ.ಮೀ. ಮೇಲೆ 12 ಮಿ.ಮೀ.ನ 12 ತೂತು ಕೊರೆಯಿರಿ. ಲೆಕ್ಕ ಹೀಗೆ: ಒಳಡಬ್ಬದ 40 ತೂತುಗಳ ಒಟ್ಟು ವಿಸ್ತೀರ್ಣ ಸುಮಾರು 11.3 ಚದರ ಸೆಂ.ಮೀ., ಹೊರಗಿನ 12 ತೂತುಗಳದ್ದು 13.6. ಹೊರಗಿನದು ಯಾವತ್ತೂ ಹೆಚ್ಚಿರಬೇಕು, ಇಲ್ಲದಿದ್ದರೆ ಒಳಗಿನ ತೂತು ಎಷ್ಟಿದ್ದೂ ಉಪಯೋಗವಿಲ್ಲ. ಸಾದಾ 12ರ ಬಿಟ್ ತೆಳು ತಗಡನ್ನು ಕಚ್ಚಿ ಹರಿಯುತ್ತದೆ, ಅದಕ್ಕೇ ಸ್ಟೆಪ್ ಬಿಟ್. 6ರ ಬಿಟ್ ಮಾತ್ರ ಇದ್ದರೆ ಎರಡು ಸಾಲಲ್ಲಿ 48 ತೂತು ಹಾಕಿ, ವಿಸ್ತೀರ್ಣ ಅಷ್ಟೇ ಆಗುತ್ತದೆ.

ಇನ್ನು ನಾಜೂಕಿನ ಕೆಲಸ. ಮೇಲೆ ಬಂದ ತಳದ ನಡುವೆ ಒಳಡಬ್ಬವನ್ನಿಟ್ಟು ಸುತ್ತ ಗೆರೆ ಎಳೆಯಿರಿ. ಆ ಗೆರೆಗೆ 1 ಸೆಂ.ಮೀ. ಒಳಗೆ ಇನ್ನೊಂದು ವೃತ್ತ ಹಾಕಿ, ಒಳವೃತ್ತವನ್ನು ಮಾತ್ರ ಕತ್ತರಿಸಿ ತೆಗೆಯಿರಿ. ಈಗ ಒಳಅಂಚಿನಿಂದ ಹೊರಗೆರೆಯತ್ತ 2 ಸೆಂ.ಮೀ.ಗೊಂದರಂತೆ ಸೀಳು ಕೊಡಿ. ಸೀಳು ಹೊರಗೆರೆಯನ್ನು ಮುಟ್ಟಬಾರದು, 2 ಮಿ.ಮೀ. ಒಳಗೇ ನಿಲ್ಲಲಿ. ಹೀಗಾದ ಹಲ್ಲುಗಳನ್ನೆಲ್ಲ ಕೆಳಕ್ಕೆ ಬಾಗಿಸಿ ಒಳಡಬ್ಬವನ್ನು ಮೇಲಿನಿಂದ ಒತ್ತಿ. ಅದರ ತಳದ ದಪ್ಪ ಅಂಚು ಹಲ್ಲುಗಳನ್ನು ಸರಿಸಿಕೊಂಡು ಇಳಿಯುತ್ತದೆ, ಆಮೇಲೆ ಹಲ್ಲುಗಳು ಡಬ್ಬದ ಮೈಯನ್ನು ಕಚ್ಚುತ್ತವೆ, ಬಾಯಿಯ ಅಂಚು ಮೇಲೆ ಸಿಕ್ಕಿಕೊಂಡು ನಿಲ್ಲುತ್ತದೆ. ಬೆಸುಗೆ, ಸ್ಕ್ರೂ ಏನೂ ಬೇಡ. ಸೀಳು ಗೆರೆ ದಾಟಿದ್ದರೆ ಡಬ್ಬ ಕೆಳಕ್ಕೆ ಜಾರುತ್ತದೆ. ಅಲ್ಲಲ್ಲಿ ಬೆಳಕು ಕಾಣುವಷ್ಟು ಸಂದಿ ಉಳಿದರೆ ಕಾದ ಗಾಳಿ ಅಲ್ಲೇ ಸೋರಿಹೋಗುತ್ತದೆ. ಮಿದ್ದ ಹುತ್ತದ ಮಣ್ಣು ಮೆತ್ತಿದರೆ ಸಾಕು.

ಎರಡೂ ಡಬ್ಬಗಳನ್ನು ಕೂರಿಸಿದ ಮೇಲೆ ಒಟ್ಟಿಗೇ ಡ್ರಿಲ್ ಹಾಯಿಸುವುದು ತುಂಬ ಜನ ಮಾಡುವ ತಪ್ಪು. ಮೇಲಿನ ತೂತು ಹೊರಗೋಡೆಯಲ್ಲೂ ಬಿದ್ದರೆ ಒಳಗೆ ಬರುವುದು ತಣ್ಣನೆಯ ಗಾಳಿ. ಉರಿ ಕಟ್ಟುವ ಬದಲು ಆರುತ್ತದೆ.

ಪಾತ್ರೆಯ ಬಳೆ

ಮೂರನೆಯ ಡಬ್ಬದಿಂದ 5 ಸೆಂ.ಮೀ. ಎತ್ತರದ ಬಳೆ ಕತ್ತರಿಸಿ, ಅದರಲ್ಲಿ 7 ಸೆಂ.ಮೀ. ಅಗಲದ ಭಾಗವನ್ನು ಪೂರಾ ತೆಗೆದುಬಿಡಿ. ಪುಳ್ಳೆ ಹಾಕುವ ಬಾಗಿಲು ಅದೇ. ಬಾಯಿ ಬಿಟ್ಟ ಬಳೆಯಾದ್ದರಿಂದ ಚೂರು ಅದುಮಿ ಹೊರಡಬ್ಬದ ಮೇಲಂಚಿನ ಒಳಗೆ ಕೂರಿಸಿದರೆ ತಾನೇ ಬಿಗಿದುಕೊಳ್ಳುತ್ತದೆ. ಮೇಲ್ತುದಿಯಲ್ಲಿ 12 ಮಿ.ಮೀ.ನ ಹತ್ತು ತೂತು ಮರೆಯಬೇಡಿ. ಅಗಲ ತಳದ ಪಾತ್ರೆ ಇಟ್ಟಾಗ ಬಿಸಿ ಹೊರಹೋಗಲು ದಾರಿ ಇಲ್ಲದಿದ್ದರೆ ಉರಿಯೆಲ್ಲ ಬಾಗಿಲಿಂದ ನಿಮ್ಮ ಕೈಗೇ ಬರುತ್ತದೆ. ಬಳೆಯನ್ನು 3 ಸೆಂ.ಮೀ.ಗೆ ಇಳಿಸಿದರೆ ಉರಿ ಪೂರ್ತಿ ಉರಿಯುವ ಮೊದಲೇ ತಣ್ಣನೆಯ ತಳಕ್ಕೆ ತಗುಲಿ ಮಸಿ ಕಟ್ಟುತ್ತದೆ.

ಹೊತ್ತಿಸುವುದು

ಮೊದಲ ಸಲ ಅಡುಗೆ ಬೇಡ. ಡಬ್ಬದೊಳಗಿನ ಲೇಪ, ಹೊರಗಿನ ಬಣ್ಣ ಸುಟ್ಟುಹೋಗಬೇಕು. ಬಯಲಲ್ಲಿಟ್ಟು ಅರ್ಧ ಗಂಟೆ ಜೋರಾಗಿ ಉರಿಸಿ, ಗಾಳಿ ಬರುವ ದಿಕ್ಕಿಗೆ ನಿಂತುಕೊಳ್ಳಿ.

ಕಟ್ಟಿಗೆ ಹೆಬ್ಬೆರಳಿಗಿಂತ ದಪ್ಪ ಬೇಡ, 8 ಸೆಂ.ಮೀ.ಗಿಂತ ಉದ್ದ ಬೇಡ. ಮುರಿದರೆ ಪಟ್ಟೆಂದು ಸದ್ದಾಗಬೇಕು; ಬಾಗಿ ನಾರು ಬಿಟ್ಟರೆ ಅದು ಇನ್ನೂ ಹಸಿ. ಸರ್ವೆ, ಸಿಲ್ವರ್ ಓಕ್, ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಚೂರು ಮಾಡಿದ ತೆಂಗಿನ ಕರಟ ಎಲ್ಲವೂ ಸೈ. ಕರಟವೊಂದನ್ನೇ ತುಂಬಬೇಡಿ, ಅದರ ಉರಿಗೆ ತೆಳು ತಗಡು ಬೇಗ ತೂತಾಗುತ್ತದೆ. ಕಣಗಿಲೆ ವಿಷ, ಮಲೆನಾಡಿನ ಕಾಡುಗೇರು ಮೈಯೆಲ್ಲ ಬೊಬ್ಬೆ ಏಳಿಸುವ ಮರ. ಗುರುತು ಸಿಗದ ಪುಳ್ಳೆಯನ್ನು ಮುಟ್ಟದಿರುವುದೇ ಕ್ಷೇಮ.

ಪುಳ್ಳೆಗಳನ್ನು ನಿಲ್ಲಿಸಿ ತುಂಬಿ, ಮೇಲಿನ ತೂತುಗಳಿಗೆ ಒಂದು ಬೆರಳು ಕೆಳಗೇ ನಿಲ್ಲಿಸಿ. ಅದರ ಮೇಲೆ ತೆಂಗಿನ ನಾರು, ಒಂದು ಬಿಲ್ಲೆ ಕರ್ಪೂರ. ಬೆಂಕಿ ಮೇಲಿನಿಂದ ಇಡಬೇಕು. ಬಚ್ಚಲ ಒಲೆಗೆ ಬುಡದಲ್ಲಿ ಬೆಂಕಿ ಕೊಟ್ಟು ರೂಢಿಯಾದವರಿಗೆ ಇದು ವಿಚಿತ್ರವೆನಿಸಬಹುದು. ಮೇಲಿಂದ ಹೊತ್ತಿದರೆ ಬಿಸಿ ಮೆಲ್ಲಗೆ ಕೆಳಗಿಳಿಯುತ್ತದೆ, ಕೆಳಗಿನ ಕಟ್ಟಿಗೆ ಬಿಟ್ಟ ಅನಿಲ ಕೆಂಡದ ಪದರ ದಾಟಿ ಬಂದು ಮೇಲಿನ ಗಾಳಿಗೆ ಸಿಗುತ್ತದೆ. ಮೂರು ನಾಲ್ಕು ನಿಮಿಷ ಹೊಗೆಯಾಡಿದ ಮೇಲೆ ನೋಡಿ: ತೂತು ತೂತಿನಿಂದಲೂ ಉರಿಯ ನಾಲಿಗೆ ನಡುವಿನ ಕಡೆಗೆ ಚಾಚಿಕೊಂಡು, ಗ್ಯಾಸ್ ಬರ್ನರನ್ನು ಒಳಮುಖ ಮಾಡಿದಂತೆ ಕಾಣುತ್ತದೆ. ಪಾತ್ರೆ ಇಡುವ ಹೊತ್ತು ಅದು.

ಒಂದು ತುಂಬಿಗೆ 200 ಗ್ರಾಂ ಕಟ್ಟಿಗೆ ಹಿಡಿಯುತ್ತದೆ, ಸುಮಾರು 20 ನಿಮಿಷ ಉರಿಯುತ್ತದೆ. ಮುಚ್ಚಳ ಹಾಕಿದ ಪಾತ್ರೆಯಲ್ಲಿ ಒಂದು ಲೀಟರ್ ನೀರು 8ರಿಂದ 12 ನಿಮಿಷಕ್ಕೆ ಕುದಿಯುತ್ತದೆ. ಅನ್ನಕ್ಕೆ ನಡುವೆ ಎರಡೆರಡೇ ಪುಳ್ಳೆ ಹಾಕುತ್ತಿರಿ. ಹಿಡಿಗಟ್ಟಲೆ ಸುರಿದರೆ ಮತ್ತೆ ಹೊಗೆ. ಪಾತ್ರೆಯ ತಳಕ್ಕೆ ಮೊದಲೇ ಒದ್ದೆ ಬೂದಿ ಬಳಿದಿಟ್ಟರೆ ಮಸಿ ತೊಳೆದಾಗ ಸಲೀಸಾಗಿ ಬಿಡುತ್ತದೆ. ಗಾಳಿ ಜೋರಿದ್ದು ಉರಿ ಗುಯ್ಯೆನ್ನುತ್ತಿದ್ದರೆ ಗಾಳಿ ಬರುವ ಕಡೆಯ ಬುಡದ ತೂತುಗಳಿಗೆ ಎರಡು ಕಲ್ಲು ಅಡ್ಡ ಕೊಡಿ.

ಕೊನೆಯ ಹಂತದಲ್ಲಿ ಹೊಗೆಯೂ ಇರುವುದಿಲ್ಲ, ಉರಿಯೂ ಅಷ್ಟಾಗಿ ಇರುವುದಿಲ್ಲ, ಬರೀ ಕೆಂಡ. ಹೆಚ್ಚು ಅಪಾಯ ಆಗಲೇ: ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಟೆಂಟಿನೊಳಗೆ, ಕಾರಿನಲ್ಲಿ, ಬಾಗಿಲು ಹಾಕಿದ ಕೋಣೆಯಲ್ಲಿ ಚಳಿ ಕಾಯಿಸಲೆಂದೂ ಇದನ್ನು ಇಡಬಾರದು.

ಜಾಗದ ವಿಚಾರ. 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ, ಅದು ಡಬ್ಬದೊಳಗಿನ ಬೆಂಕಿಯಾದರೂ ಅಷ್ಟೇ. ಸ್ವಂತ ತೋಟ, ಹೊಲ, ಅನುಮತಿ ಇರುವ ಕ್ಯಾಂಪ್ ಜಾಗಗಳಿಗೆ ಮಾತ್ರ ಈ ಒಲೆ. ಅಲ್ಲೂ ಒಣ ತರಗೆಲೆ ಗುಡಿಸಿ, ಚಪ್ಪಡಿ ಕಲ್ಲಿನ ಮೇಲೋ ಹಳೆ ಸ್ಟೀಲ್ ತಟ್ಟೆಯಲ್ಲೋ ಇಡಿ; ತಳವಿಲ್ಲದ ಒಲೆಯಾದ್ದರಿಂದ ಕೆಂಡ ನೇರ ನೆಲಕ್ಕೇ ಉದುರುತ್ತದೆ. ಬಕೆಟ್ ನೀರು ಪಕ್ಕದಲ್ಲಿರಲಿ.

ಕಾದ ಒಲೆಗೆ ನೀರು ಸುರಿದರೆ ತಗಡು ಸೊಟ್ಟಗಾಗುತ್ತದೆ. ತಾನೇ ಆರಲು ಬಿಟ್ಟು, ಉಳಿದ ಕೆಂಡವನ್ನು ತಟ್ಟೆಗೆ ಕೊಡವಿ ಅದಕ್ಕೆ ನೀರು ಹಾಕಿ. ಬೂದಿಯನ್ನು ಒಳಗೇ ಬಿಟ್ಟು ಮಳೆಗಾಲಕ್ಕೆ ಎತ್ತಿಟ್ಟರೆ ತೇವ ಹೀರಿ ತಳವನ್ನು ತಿಂದುಹಾಕುತ್ತದೆ. ಹೇಗಿದ್ದರೂ ಮೊದಲು ಸವೆಯುವುದು ಒಳಡಬ್ಬದ ತಳವೇ; ಎರಡು ತೂತು ಕೂಡಿ ಒಂದಾದಾಗ ಅದನ್ನು ಕಿತ್ತು ಇನ್ನೊಂದು ರಸಗುಲ್ಲದ ಡಬ್ಬ ಒತ್ತಿ. ಅಡಿಗೆಮನೆಯಲ್ಲಿ ಚಮಚ ಸಿಕ್ಕಿಸಿಡುವ ತೂತಿನ ಸ್ಟೀಲ್ ಡಬ್ಬ ಅಳತೆಗೆ ಬಂದರೆ ಇನ್ನೂ ಬಾಳಿಕೆ ಬರುತ್ತದೆ. ಅದರ ನಡುಮೈ ತೂತುಗಳಿಗೆ ಮಾತ್ರ ಒಳಗಿನಿಂದ ತಗಡಿನ ಪಟ್ಟಿ ಅಡ್ಡ ಕೊಡಬೇಕು.